ಐಸ್ ತಂದ ಇಚ್ಚನಿಗೆ

ನಿನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಗೈಡ್ ಮೇಡಂ, ಲ್ಯಾಬಿನ ಗೆಳತಿಯರು, ನೀರ್ಚಾಲಿನ ಕನ್ನಡ ಮಾಷ್ಟ್ರು, ಅಡಿಕೆ ಮಾರಿ ಫೀಸು ಕಟ್ಟಿದ ಅಪ್ಪ, ಅಮ್ಮ, ಎಲ್ಲರಿಗೂ ಮನಸಾರೆ ವಂದನೆ.

ಆದರೆ ಇವತ್ತು ಬರೆಯಲೇಬೇಕಾದದ್ದು ನಮ್ಮ ಸ್ಟ್ಯಾಂಡಿನ ಆಟೋ ಓಡಿಸುವ, ನಾನು ಇಚ್ಚ (ಅಣ್ಣ) ಅಂತ ಕರೆಯುವವರ ಬಗ್ಗೆ.

ಎರಡು ವರ್ಷದ ಹಿಂದಿನ ಮಳೆಗಾಲ, ಆಟಿ ತಿಂಗಳು. ಯೀಸ್ಟಿನಿಂದ ಆರ್‌ಎಸ್‌ಸಿ ಎಂಬ ಪ್ರೋಟೀನ್ ಗುಂಪನ್ನು ಬೇರ್ಪಡಿಸುತ್ತಿದ್ದೆ. ಪ್ರೋಟೀನ್ ಕೆಡದಂತೆ ಶುರುವಿನಿಂದ ಕೊನೆಯವರೆಗೂ 4 ಡಿಗ್ರಿ ಚಳಿಯಲ್ಲೇ ಆಗಬೇಕಾದ ಕೆಲಸ. ರಾತ್ರಿ ಹತ್ತಕ್ಕೆ ಕರೆಂಟ್ ಹೋಯಿತು. ಜನರೇಟರ್ ಸ್ಟಾರ್ಟ್ ಆಗಲಿಲ್ಲ. ಮನೆಗೆ ಬಿಡಲು ಗೇಟಿನಲ್ಲಿ ಕಾಯುತ್ತಿದ್ದ ಇಚ್ಚನಿಗೆ ‘ನಾನು ಬರುವುದಿಲ್ಲ’ ಅಂದೆ. ಅಳುತ್ತಿದ್ದದ್ದು ಕಂಡಿರಬೇಕು.

‘ಎಂತ ಬೇಕು ಮೋಳೇ (ಮಗಳೇ)?’

‘ಐಸ್.’

ಮಳೆಗಾಲದಲ್ಲಿ ಕೇರಳದ ಬೋಟುಗಳ ಮೀನುಗಾರಿಕೆಗೆ ಇರುವ 52 ದಿನದ ಟ್ರಾಲಿಂಗ್ ನಿಷೇಧ ಮುಗಿದಿರಲಿಲ್ಲ. ಎರಡು ಐಸ್ ಪ್ಲಾಂಟ್ ಬಾಗಿಲು ಹಾಕಿದ್ದವಂತೆ. ಮೂರನೆಯದರಲ್ಲಿ ವಾಚ್‌ಮನ್‌ನನ್ನು ಎಬ್ಬಿಸಿ, ಎರಡು ಥರ್ಮೋಕೋಲ್ ಪೆಟ್ಟಿಗೆಯನ್ನು ನೀಲಿ ಹಗ್ಗದಲ್ಲಿ ಕಟ್ಟಿಕೊಂಡು ಬಂದಾಗ ಗಂಟೆ ಒಂದು. ಪೂರ್ತಿ ನೆನೆದಿದ್ದರು. ಹೋಗಿ ಅಂದರೂ ಹೋಗಲಿಲ್ಲ. ಅರ್ಧ ಗಂಟೆಗೊಮ್ಮೆ ಕರಗಿದ ನೀರು ಚೆಲ್ಲಿ ಹೊಸ ಐಸ್ ತುಂಬಿಸಿ ಕೊಟ್ಟರು.

ಆ ಟ್ಯೂಬಿನಲ್ಲಿ ಎಂತ ಉಂಟು ಅಂತ ಕೇಳಿದರು. ನೀಲಿ ಹಗ್ಗವನ್ನು ಅವರ ಚಹಾ ಫ್ಲಾಸ್ಕಿಗೆ ಎರಡು ಸುತ್ತಿಗೆ ತುಸು ಕಡಿಮೆ ಸುತ್ತಿ ತೋರಿಸಿದೆ. ಹಗ್ಗ ಡಿಎನ್‌ಎ, ಫ್ಲಾಸ್ಕ್ ಹಿಸ್ಟೋನ್ ಎಂಬ ಪ್ರೋಟೀನುಗಳ ಉಂಡೆ. ಇಂಥ ಒಂದೊಂದು ಉಂಡೆಗೆ 147 ಜೋಡಿ ಅಕ್ಷರ ಸುತ್ತಿಕೊಂಡಿರುತ್ತವೆ.

‘ಸುತ್ತಿಟ್ಟರೆ ಓದುವುದು ಹೇಗೆ?’

ನನ್ನ ಥೀಸಿಸ್ಸಿನ ಪ್ರಶ್ನೆಯೇ ಅದು, ಅಲ್ವಾ! ಆರ್‌ಎಸ್‌ಸಿ ಜೀವಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಆ ಹಗ್ಗವನ್ನು ಸರಿಸುತ್ತದೆ, ಜೀನ್ ಶುರುವಾಗುವ ಜಾಗದ ಹತ್ತಿರ ತೆರವು ಮಾಡುತ್ತದೆ. ಅದಿಲ್ಲದೆ ಯೀಸ್ಟ್ ಬದುಕುವುದಿಲ್ಲ. ಇಚ್ಚ ಹಗ್ಗದ ತುದಿ ಎಳೆದರು. ಹಾಗಲ್ಲ, ಅದು ತುದಿಯನ್ನು ಹಿಡಿಯುವುದಿಲ್ಲ, ಸುತ್ತಿನ ಒಳಗೇ ಹಿಡಿದು ಸ್ವಲ್ಪ ಸ್ವಲ್ಪ ದೂಡುತ್ತದೆ ಅಂದೆ. ಹೆಬ್ಬೆರಳಿನಿಂದ ದೂಡಿ ನೋಡಿದರು. ಫ್ಲಾಸ್ಕ್ ಮೆಲ್ಲ ತಿರುಗಿತು.

ಮನೆಯವರಿಗೂ ಹೇಳದ ಮಾತೊಂದಿದೆ. ಅಂದು ಸಂಜೆ, ಪಿಎಚ್‌ಡಿ ಬಿಡುತ್ತೇನೆ ಅಂತ ಮೇಲ್ ಬರೆದಿಟ್ಟಿದ್ದೆ. ಅದಕ್ಕೂ ಮುಂಚೆ ನಾಲ್ಕು ಸಲ ಸೋತಿದ್ದೆ. ನನ್ನಿಂದ ಏನೂ ಆಗುವುದಿಲ್ಲ ಅನ್ನಿಸಿತ್ತು. ಬದುಕೇ ಬೇಡ ಅನ್ನಿಸುವಷ್ಟು.

ಐದಕ್ಕೆ ಕರೆಂಟ್ ಬಂತು. ಪ್ರೋಟೀನುಗಳನ್ನು ಬಿಡಿಬಿಡಿಯಾಗಿ ತೋರಿಸುವ ಜೆಲ್ಲಿನಲ್ಲಿ ಮೇಲಿಂದ ಕೆಳಗೆ ಪಟ್ಟೆಗಳ ಸಾಲು ಕಂಡಿತು, ಗುಂಪು ಕೆಟ್ಟಿರಲಿಲ್ಲ. ನನ್ನ ಮೂರನೇ ಅಧ್ಯಾಯ ಪೂರ್ತಿ ಆ ರಾತ್ರಿ ಉಳಿದ ಪ್ರೋಟೀನಿನದ್ದು. ಆ ಮೇಲ್ ಅಳಿಸಿದೆ.

ಇಚ್ಚನಿಗೆ ಕನ್ನಡ ಮಾತು ಬರುತ್ತದೆ, ಓದಲು ಬಾರದು. ನಾಳೆ ಸ್ಟ್ಯಾಂಡಿಗೆ ಹೋಗಿ ಇದನ್ನು ಓದಿ ಹೇಳುತ್ತೇನೆ. ಆ ನೀಲಿ ಹಗ್ಗ ಇನ್ನೂ ನನ್ನ ಹತ್ತಿರವೇ ಉಂಟು, ಅದನ್ನೂ ಕೊಡಬೇಕು.