ಬೋಟ್ಸ್ವಾನಕ್ಕೆ ಹೋಗುವವರ ವೈದ್ಯಕೀಯ ವಿಮೆ

ಮಾನ್ಯ ಸಂಪಾದಕರೇ,

ನಮ್ಮ ಬದಿಯಡ್ಕ, ಪೆರ್ಲ ಕಡೆಯಿಂದ ಗಲ್ಫ್‌ಗೆ ಹೋದವರ ಕಷ್ಟಸುಖ ಊರಿಗೆಲ್ಲ ಗೊತ್ತು. ಆದರೆ ಆಫ್ರಿಕದ ದಕ್ಷಿಣ ಭಾಗಕ್ಕೆ ಲೆಕ್ಕಪತ್ರದ ಕೆಲಸಕ್ಕೋ ಅಂಗಡಿ ವ್ಯಾಪಾರಕ್ಕೋ ಹೋಗುವ ಹುಡುಗರಿಗೆ ಅಲ್ಲಿನ ಚಿಕಿತ್ಸಾ ವ್ಯವಸ್ಥೆಯ ಬಗ್ಗೆ ತಿಳಿಸಿ ಹೇಳುವವರಿಲ್ಲ. ಬೋಟ್ಸ್ವಾನದ ರಾಜಧಾನಿ ಗ್ಯಾಬರೋನ್‌ನಲ್ಲಿರುವ ನನ್ನ ಮಗನಿಗೆ ಕಳೆದ ವರ್ಷ ನಡುರಾತ್ರಿ ಅಪೆಂಡಿಕ್ಸ್ ನೋವು ಕಾಣಿಸಿಕೊಂಡಾಗ, ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ಮೊದಲು ಕೇಳಿದ್ದು ‘ಮೆಡಿಕಲ್ ಏಡ್’ ಕಾರ್ಡನ್ನು, ಅದಿಲ್ಲವಾದರೆ ಮುಂಗಡ ಹಣವನ್ನು. ಅವನ ಕೈಯಲ್ಲಿದ್ದದ್ದು ಇಲ್ಲಿಂದ ಹೊರಡುವಾಗ ಮಾಡಿಸಿದ್ದ ಪ್ರವಾಸ ವಿಮೆಯ ಕಾಗದ. ಅದರ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಜೊತೆಗಿದ್ದ ಗೆಳೆಯರು ಕಿಸೆ ಬರಿದು ಮಾಡಿ ಪುಲಾ ನೋಟುಗಳನ್ನು ಒಟ್ಟುಗೂಡಿಸಿ ಕಟ್ಟಿದರು.

ಮೆಡಿಕಲ್ ಏಡ್ ಎಂದರೆ ಸದಸ್ಯರು ತಿಂಗಳು ತಿಂಗಳು ವಂತಿಗೆ ಕಟ್ಟುವ ನಿಧಿ. ಸೇರಿದ ದಿನವೇ ಎಲ್ಲವೂ ಸಿಗುತ್ತದೆಂದು ತಿಳಿಯಬಾರದು: ನೆರೆಯ ದಕ್ಷಿಣ ಆಫ್ರಿಕದಲ್ಲಿ 1998ರ ಕಾಯ್ದೆಯೇ ಹೊಸ ಸದಸ್ಯರನ್ನು 3 ತಿಂಗಳವರೆಗೆ, ಮೊದಲೇ ಇದ್ದ ಕಾಯಿಲೆಗಾದರೆ 12 ತಿಂಗಳವರೆಗೆ ಕಾಯಿಸಲು ಅವಕಾಶ ಕೊಟ್ಟಿದೆ. ಗ್ಯಾಬರೋನ್‌ನಲ್ಲಿ ದೊರೆಯದ ತಜ್ಞ ಚಿಕಿತ್ಸೆಗೆ ಸುಮಾರು 360 ಕಿ.ಮೀ. ದೂರದ ಜೋಹಾನ್ಸ್‌ಬರ್ಗ್‌ಗೆ ರೋಗಿಯನ್ನು ಸಾಗಿಸಬೇಕಾಗಿ ಬರುವುದರಿಂದ, ತುರ್ತು ಸಾಗಾಟದ ವೆಚ್ಚ ಪಾಲಿಸಿಯಲ್ಲಿದೆಯೇ ಎಂದು ನೋಡಿಯೇ ಸಹಿ ಹಾಕಬೇಕು. ಸಂಬಳವನ್ನು ಮಾತ್ರ ವಿಚಾರಿಸುವ ನಮ್ಮವರು (ನಾನೂ ಅವರಲ್ಲೊಬ್ಬ) ಇದನ್ನು ಕೇಳುವುದೇ ಇಲ್ಲ.

ಕೇಂದ್ರ ಸರಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆಯು ವಲಸೆ ಅನುಮತಿ ಕಡ್ಡಾಯವಿರುವ ದೇಶಗಳಿಗೆ ಹೋಗುವ ಕಾರ್ಮಿಕರಿಗಾಗಿ ಇರುವುದು. ಆ ಪಟ್ಟಿಯಲ್ಲಿ ಬೋಟ್ಸ್ವಾನ ಇಲ್ಲ. ಆದುದರಿಂದ ಈ ವಿವರಗಳನ್ನೊಳಗೊಂಡ ಕನ್ನಡ ಕರಪತ್ರವೊಂದನ್ನು ಮಂಜೇಶ್ವರ, ಕಾಸರಗೋಡು ತಾಲೂಕುಗಳ ಪಂಚಾಯತು ಕಚೇರಿಗಳಲ್ಲಿ ದೊರೆಯುವಂತೆ ಮಾಡಬೇಕೆಂದು ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುತ್ತೇನೆ.

– ಓರ್ವ ನಿವೃತ್ತ ಅಧ್ಯಾಪಕ, ಪೆರ್ಲ, ಕಾಸರಗೋಡು