ಮುಕ್ತಿನಾಥ ಯಾತ್ರೆ: ಸುನೌಲಿಯಿಂದ ಆಚೆ ಇನ್ನು ನೇಪಾಳದ ಗಾಡಿ, ನೇಪಾಳದ ಡ್ರೈವರ್

ನಮ್ಮ ಎಲ್ಲ ಯಾತ್ರಿಕರಿಗೆ ಬೆಳಗಾವಿಯಿಂದ ನಮಸ್ಕಾರ.

ಬರುವ ಮಾರ್ಚ್‌ನಿಂದ ನೇಪಾಳದ ಮುಕ್ತಿನಾಥ ದೇವಸ್ಥಾನದ ಯಾತ್ರೆಗೆ ನಮ್ಮ ಟೆಂಪೋ ಟ್ರಾವೆಲರ್ ಭಾರತ–ನೇಪಾಳದ ಸುನೌಲಿ ಗಡಿಯವರೆಗೆ ಮಾತ್ರ ಬರುತ್ತದೆ. ಪ್ರಯಾಗ, ಕಾಶಿ, ಗೋರಖಪುರ ಎಲ್ಲ ಮೊದಲಿನಂತೆಯೇ. ಗಡಿಯ ಗೇಟು ದಾಟಿದ ಮೇಲೆ ನೇಪಾಳದ ಗಾಡಿ, ಪೋಖರಾದಿಂದ ಮೇಲಕ್ಕೆ ಜೀಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯಾತ್ರೆಯೇ ಇರುವುದಿಲ್ಲ.

"ನಮ್ಮೂರ ಡ್ರೈವರ್ ಇದ್ದರೆ ಧೈರ್ಯ" ಎಂದು ನಿಮ್ಮಲ್ಲಿ ಬಹಳ ಮಂದಿ ಹೇಳುತ್ತೀರಿ. ಆ ನಂಬಿಕೆ ನಮಗೆ ದೊಡ್ಡದು. ಅದಕ್ಕೇ ಕಾರಣ ಬಿಡಿಸಿ ಬರೆಯುತ್ತಿದ್ದೇವೆ.

ಕಾನೂನಿನ ಅಡ್ಡಿ ಏನೂ ಇಲ್ಲ. ನೇಪಾಳದಲ್ಲೂ ಗಾಡಿ ರಸ್ತೆಯ ಎಡಕ್ಕೇ ಓಡುತ್ತದೆ. ಗಡಿಯ ಭನ್ಸಾರ್ (ನೇಪಾಳದ ಸುಂಕ) ಕಚೇರಿಯಲ್ಲಿ ದಿನದ ಲೆಕ್ಕದಲ್ಲಿ ಸುಂಕ ಕಟ್ಟಿ, ಪರವಾನಗಿ ಪಡೆದರೆ ನಮ್ಮ ಗಾಡಿಯೂ ಹೋಗಬಹುದು. ತೊಂದರೆ ಇರುವುದು ರಸ್ತೆಯಲ್ಲಿ. ನಮ್ಮ ಹುಡುಗರು ಮಳೆಗಾಲದ ಮಂಜಿನಲ್ಲೂ ಚೋರ್ಲಾ, ಅಂಬೋಲಿ ಘಾಟು ಇಳಿಸುವವರು. ಆದರೆ ಪೋಖರಾದ ಆಚೆಯ ಬೇನಿ ಊರಿನಿಂದ ಮೇಲಿನ ದಾರಿಯೇ ಬೇರೆ. ಧವಳಗಿರಿ, ಅನ್ನಪೂರ್ಣ ಎರಡೂ 8,000 ಮೀಟರ್ ಮೀರಿದ ಪರ್ವತಗಳು. ಅವುಗಳ ನಡುವೆ ಕಾಳಿಗಂಡಕಿ ನದಿ ಕೊರೆದ ಕಮರಿಯಲ್ಲೇ ರಸ್ತೆ ಏರುತ್ತದೆ. ಒಂದು ಬದಿ ಕಡಿದಾದ ಬಂಡೆ, ಇನ್ನೊಂದು ಬದಿ ಆಳದಲ್ಲಿ ನದಿ. ಮಳೆ ಬಿದ್ದರೆ ಗುಡ್ಡ ಜಾರುತ್ತದೆ. ಮುಕ್ತಿನಾಥದ ದಾರಿಯಲ್ಲಿ ಸಿಗುವ ಜೋಮ್‌ಸೋಮ್ ಊರಿನ ಕಡೆ ಮಧ್ಯಾಹ್ನದ ಗಾಳಿ ಎಷ್ಟು ಜೋರೆಂದರೆ, ಅಲ್ಲಿಗೆ ವಿಮಾನಗಳು ಬೆಳಿಗ್ಗೆ ಮಾತ್ರ ಹಾರುತ್ತವೆ.

ರಾತ್ರಿ ಮಳೆಯಾದರೆ ಬೆಳಿಗ್ಗೆ ಯಾವ ತಿರುವಿನಲ್ಲಿ ಕಲ್ಲು ಉರುಳುತ್ತದೆ, ಎಲ್ಲಿ ನಿಂತು ಕಾಯಬೇಕು, ಮೇಲಿನ ಹಳ್ಳಿಯಲ್ಲಿ ಯಾರಿಗೆ ಫೋನ್ ಮಾಡಿ ಕೇಳಬೇಕು ಎಂಬುದು ಅಲ್ಲೇ ಹುಟ್ಟಿ ಬೆಳೆದ ಡ್ರೈವರಿಗೆ ಗೊತ್ತು. ವರ್ಷಕ್ಕೆ ಕೆಲವೇ ಸಲ ಹೋಗುವವರು ಅದನ್ನು ಹೇಗೆ ಕಲಿತಾರು?

2024ರ ಜುಲೈನಲ್ಲಿ ನೇಪಾಳದ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸು ತ್ರಿಶೂಲಿ ನದಿಗೆ ಬಿದ್ದವು. ಮರು ತಿಂಗಳು ಪೋಖರಾದಿಂದ ಕಾಠ್ಮಂಡುವಿಗೆ ಹೊರಟ ಭಾರತದ ಬಸ್ಸೊಂದು ಮರ್ಸ್ಯಾಂಗ್ದಿ ನದಿಗೆ ಉರುಳಿತು. ಅದರಲ್ಲಿದ್ದವರು ಮಹಾರಾಷ್ಟ್ರದ ಯಾತ್ರಿಕರು, ನಮ್ಮ ನಿಮ್ಮಂಥವರೇ. 20ಕ್ಕೂ ಹೆಚ್ಚು ಜನ ತೀರಿಹೋದರು. ಆ ಸುದ್ದಿ ಕೇಳಿದ ಮೇಲೆ ಹಳೆಯ ಪದ್ಧತಿಯಲ್ಲೇ ಮುಂದುವರಿಯಲು ನಮಗೆ ಮನಸ್ಸಾಗಲಿಲ್ಲ.

ಇನ್ನೊಂದು ಬದಲಾವಣೆ: ಯಾತ್ರೆ ಒಂದು ದಿನ ಹೆಚ್ಚಾಗಿದೆ. ಪೋಖರಾ ಸುಮಾರು 800 ಮೀಟರ್ ಎತ್ತರದಲ್ಲಿದೆ, ಅಂದರೆ ಹೆಚ್ಚುಕಡಿಮೆ ನಮ್ಮ ಬೆಳಗಾವಿಯಷ್ಟೇ. ಮುಕ್ತಿನಾಥ 3,700 ಮೀಟರಿಗೂ ಮೇಲೆ. ಒಂದೇ ಉಸಿರಿಗೆ ಏರಿದರೆ ತಲೆನೋವು, ವಾಕರಿಕೆ, ಉಸಿರು ಕಟ್ಟುವುದು ಸಾಮಾನ್ಯ. ಹಾಗಾಗಿ 2,700 ಮೀಟರ್ ಎತ್ತರದ ಜೋಮ್‌ಸೋಮ್‌ನಲ್ಲಿ ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ದರ್ಶನಕ್ಕೆ ಹೋಗುತ್ತೇವೆ. ದೇವಸ್ಥಾನದಲ್ಲಿ ಯಾತ್ರಿಕರು ಮೀಯುವ 108 ಧಾರೆಗಳ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಬಿಪಿ, ಹೃದಯದ ತೊಂದರೆ ಇರುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಸುಮ್ನೆ ಧೈರ್ಯ ಮಾಡಬೇಡಿ.

ಅಡುಗೆಯವರು ಮಾತ್ರ ನಿಮ್ಮ ಜೊತೆಗೇ ಗಡಿ ದಾಟುತ್ತಾರೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿಗೆ ಕೊರತೆ ಇಲ್ಲ. ನಮ್ಮ ಡ್ರೈವರ್ ಸುನೌಲಿಯಲ್ಲೇ ಕಾಯುತ್ತಾನೆ. ದೊಡ್ಡ ಚೀಲಗಳನ್ನು ನಮ್ಮ ಗಾಡಿಯಲ್ಲೇ ಬಿಟ್ಟು, ಸ್ವೆಟರ್, ಔಷಧಿ ಇರುವ ಕೈಚೀಲ ಮಾತ್ರ ಒಯ್ಯಿರಿ.

ಹೆಚ್ಚುವರಿ ದಿನ ಮತ್ತು ಜೀಪಿನ ಬಾಡಿಗೆ ಸೇರಿ ತಲಾ 3,000 ರೂಪಾಯಿ ಜಾಸ್ತಿ ಆಗುತ್ತದೆ. ಭನ್ಸಾರ್ ಸುಂಕ ಉಳಿಯುವುದನ್ನು ಇದರಲ್ಲಿ ಕಳೆದಿದ್ದೇವೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಈ ವ್ಯವಸ್ಥೆ ಒಪ್ಪಿಗೆ ಆಗದಿದ್ದರೆ ಜನವರಿ ಕೊನೆಯೊಳಗೆ ತಿಳಿಸಿ, ಪೂರ್ತಿ ಹಣ ಮರಳಿಸುತ್ತೇವೆ.

ಗಡಿಯಲ್ಲಿ ತೋರಿಸಲು ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು. ಅಸಲು ಪ್ರತಿಯನ್ನೇ ತನ್ನಿ. ಆಧಾರ್ ಒಂದನ್ನೇ ನಂಬಿಕೊಂಡು ಹೊರಡಬೇಡಿ.

ನಿಮ್ಮ
ಯಾತ್ರಾ ಬಳಗದವರು, ಬೆಳಗಾವಿ