ಆ ರಾತ್ರಿ ಕ್ರೀಮು ಇವತ್ತಿನಿಂದ ಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ನೀನು ಬಸುರಿ, ಎರಡು ತಿಂಗಳು ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಾಗ ಕಣ್ಣಲ್ಲಿ ನೀರು ಬಂತು. ಆಮೇಲೆ ನೆನಪಾಗಿದ್ದು ಗೌರಿ ಹಬ್ಬದ ದಿನ ನಿನ್ನ ಬಾತ್‌ರೂಮಿನ ಕನ್ನಡಿ ಹತ್ತಿರ ನೋಡಿದ ಸೀರಮ್ ಬಾಟಲಿ. ಅದು ರಾತ್ರಿ ಮುಖಕ್ಕೆ ಹಚ್ಚುವ ರೆಟಿನಾಲ್ ಅಲ್ವಾ?

ಅದನ್ನು ಇವತ್ತೇ ನಿಲ್ಲಿಸು. ರೆಟಿನಾಲ್, ರೆಟಿನಿಲ್ ಪಾಮಿಟೇಟ್, ಟ್ರೆಟಿನಾಯಿನ್, ಅಡಾಪಲೀನ್, ಟಜಾರೊಟೀನ್ ಎಲ್ಲ ಒಂದೇ ವಿಟಮಿನ್ ಎ ಮನೆತನ. ಹೆಸರು ಬೇರೆ ಅಂತ ಮೋಸಹೋಗಬೇಡ.

ನನ್ನ ಸೊಸೆ ಬಸುರಿಯಾಗಿದ್ದಾಗ ಮುಖಕ್ಕೆ ಬಂಗು ಬಂತು. ಮೆಡಿಕಲ್ ಶಾಪಿನವರು ಚೀಟಿ ಕೇಳದೆ, ಬಸುರಿಯಾ ಅಂತಲೂ ಕೇಳದೆ ಒಂದು ಟ್ಯೂಬು ಕೊಟ್ಟರು. ಹದಿನೈದು ದಿನ ಹಚ್ಚಿದ ಮೇಲೆ ಡಾಕ್ಟರ್ ನೋಡಿ ಗಾಬರಿಯಾದರು, ಅದರಲ್ಲಿ ಕಲೆ ತಿಳಿಮಾಡುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರೂ ಇದ್ದವು. ಮಗು ಚೆನ್ನಾಗಿಯೇ ಹುಟ್ಟಿತು, ಆದರೆ ಅವಳು ಅಷ್ಟು ತಿಂಗಳೂ ಹೆದರಿಕೊಂಡೇ ಕಳೆದಳು.

ನೀನು ಹಾಗೆ ಹೆದರಬೇಡ. ಹಚ್ಚಿದ ಕ್ರೀಮು ರಕ್ತಕ್ಕೆ ಸೇರುವುದು ತುಂಬಾ ಕಡಿಮೆ, ಅದರಿಂದ ಮಗುವಿಗೆ ತೊಂದರೆಯಾಗುತ್ತದೆ ಅಂತ ಖಚಿತವಾಗಿ ತೋರಿಸಿದವರಿಲ್ಲ. ಆದರೂ ಮೊಡವೆಗೆ ಹಚ್ಚುವ ಇಂಥ ಔಷಧಗಳನ್ನೂ ಬಸುರಿಯರು ಬಳಸಬಾರದು ಅಂತ ಯುರೋಪಿನ ಔಷಧ ಸಂಸ್ಥೆ 2018ರಲ್ಲೇ ಹೇಳಿದೆ. ಸೌಂದರ್ಯಕ್ಕೆ ಅಂತ ಹಚ್ಚುವುದು, ಒಂಬತ್ತು ತಿಂಗಳು ಬಿಟ್ಟರೆ ಏನು ಹೋಗುತ್ತದೆ?

ಮಾತ್ರೆಯ ಮಾತೇ ಬೇರೆ. ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್, ಅದೂ ಇದೇ ಮನೆತನದ್ದು, ಅಮೆರಿಕದಲ್ಲಿ 1982ರಲ್ಲಿ ಬಂತು. ಸ್ವಲ್ಪ ಕಾಲದಲ್ಲೇ ಅದನ್ನು ತೆಗೆದುಕೊಂಡಿದ್ದ ತಾಯಂದಿರಿಗೆ ಕಿವಿ, ಮುಖ, ಹೃದಯ, ಮೆದುಳಿನ ದೋಷವಿರುವ ಮಕ್ಕಳು ಹುಟ್ಟಿದ್ದು ಗೊತ್ತಾಯಿತು. ಆ ಅಂಗಗಳೆಲ್ಲ ರೂಪುಗೊಳ್ಳುವುದು ಈಗ ನೀನಿರುವ ತಿಂಗಳುಗಳಲ್ಲೇ. ಅದನ್ನು ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಕಳೆಯುವ ತನಕ ಬಸುರಿಯಾಗಬಾರದು ಅಂತ ಡಾಕ್ಟರುಗಳು ಹೇಳುತ್ತಾರೆ. ನೀನು ಆ ಮಾತ್ರೆ ತಿಂದಿದ್ದರೆ ಮುಚ್ಚಿಡಬೇಡ ಕಂದ, ಈ ಪತ್ರ ಪೂರ್ತಿ ಓದುವ ಮೊದಲೇ ಡಾಕ್ಟರಿಗೆ ಫೋನ್ ಮಾಡು.

ನುಗ್ಗೆ ಸೊಪ್ಪು, ಕ್ಯಾರೆಟ್ ಧಾರಾಳವಾಗಿ ತಿನ್ನು. ತರಕಾರಿಯಲ್ಲಿರುವ ಬೀಟಾ ಕ್ಯಾರೊಟಿನ್‌ನಿಂದ ದೇಹ ತನಗೆ ಬೇಕಾದಷ್ಟೇ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಕೂದಲಿಗೆ, ಚರ್ಮಕ್ಕೆ ಅಂತ ಸುಮ್ನೆ ವಿಟಮಿನ್ ಎ ಮಾತ್ರೆ ತರಿಸಬೇಡ, ಅದು ದಿನಕ್ಕೆ 10,000 ಐಯು (ವಿಟಮಿನ್ ಅಳೆಯುವ ಅಳತೆ) ದಾಟಿದರೆ ಒಳ್ಳೆಯದಲ್ಲ. ಬಂಗು ಬಂದರೆ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಹಚ್ಚು. ಮೊಡವೆ ಜಾಸ್ತಿಯಾದರೆ ಅಜೆಲಾಯಿಕ್ ಆಸಿಡ್ ಅನ್ನುವ ಹಚ್ಚುವ ಔಷಧ ಆಗುತ್ತದಾ ಅಂತ ಡಾಕ್ಟರನ್ನು ಕೇಳು.

ಭಾನುವಾರ ವಿಜಯನಗರದಲ್ಲಿ ಮೆಟ್ರೋ ಹತ್ತಿ ನೇರ ವೈಟ್‌ಫೀಲ್ಡ್‌ಗೆ ಬರುತ್ತೇನೆ. ನಿನ್ನ ಬಾಟಲಿ, ಟ್ಯೂಬು ಎಲ್ಲ ಒಂದು ತಟ್ಟೆಯಲ್ಲಿ ಹಾಕಿಟ್ಟಿರು. ಹಿಂದಿನ ಸಣ್ಣ ಅಕ್ಷರ ಇಬ್ಬರೂ ಕೂತು ಓದೋಣ.

ನಿನ್ನ ದೊಡ್ಡಮ್ಮ